ನಲವತ್ತೊಂದನೆಯ ಡಬ್ಬಿ

ಶುಕ್ರವಾರ ಸಂಜೆ ಆ ಡಬ್ಬಿ ನಿಜವಾಗಿಯೂ ನೇರಳೆಯಾಗಿತ್ತೋ, ಇಲ್ಲ, ಆಗಿರಬೇಕಿತ್ತು ಎಂಬ ಕಾರಣಕ್ಕೆ ತನಗೆ ಹಾಗೆ ನೆನಪಾಗುತ್ತಿದೆಯೋ? ಗುರುಪಾದ ಕಣ್ಣು ಮುಚ್ಚಿ ಶುಕ್ರವಾರವನ್ನು ಮೊದಲಿನಿಂದ ಮತ್ತೊಮ್ಮೆ ನಡೆಸಿ ನೋಡಿದ. ಹತ್ತು ದಿನ ಮುಗಿಸಿದ ಡಬ್ಬಿಗಳನ್ನು ಓವನ್ನಿನಿಂದ ಹೊರಗೆ ತೆಗೆದದ್ದು. ಒಳಗಿನ ದ್ರವವನ್ನು ಬಸಿದದ್ದು. ಫೋಟೋ ತೆಗೆಯಲು ಮೇಜಿನ ಮೇಲೆ ಜಾಗ ಸಾಲದೆ ಒಂದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟದ್ದು. ಆಗ ಅದರ ಬಣ್ಣ? ಬದನೆಕಾಯಿಯ ಸಿಪ್ಪೆಯಂಥ ನೇರಳೆ. ಪ್ರಮಾಣ ಮಾಡು ಎಂದರೆ ಮಾಡಬಲ್ಲ. ಆದರೆ ಈಗ, ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಅದೇ ಡಬ್ಬಿ ಅದೇ ಕಟ್ಟೆಯ ಮೇಲೆ ಈಗಷ್ಟೇ ಅಚ್ಚಿನಿಂದ ಇಳಿದಂತೆ ಬೆಳ್ಳಗೆ ಕುಳಿತಿತ್ತು.

"ಸರ, ನಲವತ್ತೊಂದು ಬೆಳ್ಳಗಾಗೇತ್ರಿ," ಎಂದಳು ನಸೀಮಾ. ಹುಬ್ಬಳ್ಳಿಯ ಆ ಪ್ರಯೋಗಾಲಯದಲ್ಲಿ ಅವಳು ಹನ್ನೊಂದು ವರ್ಷದಿಂದ ಸಹಾಯಕಿ. ಗುರುಪಾದನಿಗಿಂತ ಎರಡು ವರ್ಷ ಹಳಬಳು.

"ಚೀಟಿ ಅದಲುಬದಲು ಆಗಿರಬೇಕು."

"ಚೀಟಿ ಅಂಟಿಸಿದಾಕಿ ನಾನ ಅದೀನ್ರಿ. ನನ್ನ ಲಗ್ನದ ತಾರೀಖು ಬೇಕಾದ್ರ ಮರತೇನು, ಚೀಟಿ ಮರ್ಯಾಂಗಿಲ್ಲ."

ಅವನು ಡಬ್ಬಿಯನ್ನು ಕೈಗೆತ್ತಿಕೊಂಡ. ಬೆಚ್ಚಗಿತ್ತು. ಶನಿವಾರ, ಭಾನುವಾರ ರಜೆ. ಎರಡು ದಿನ ಪೂರ್ತಿ ಮಾರ್ಚ್ ತಿಂಗಳ ಬಿಸಿಲು ಅದರ ಮೇಲೆ ಬಿದ್ದಿತ್ತು.

ಊಟ ಮುಟ್ಟುವ ಪ್ಲಾಸ್ಟಿಕ್ಕಿಗೆ ಜಗತ್ತಿನಲ್ಲೆಲ್ಲ ಒಂದೇ ಬಗೆಯ ಪರೀಕ್ಷೆ. ಡಬ್ಬಿಯೊಳಗೆ ನಿಜವಾದ ಊಟ ಹಾಕುವುದಿಲ್ಲ, ಊಟದ ಪ್ರತಿನಿಧಿಯಾಗಿ ಒಂದು ದ್ರವ ಹಾಕುತ್ತಾರೆ. ಹುಳಿ ಪದಾರ್ಥಕ್ಕೆ ತೆಳುವಾದ ವಿನೆಗರ್, ಜಿಡ್ಡಿನ ಪದಾರ್ಥಕ್ಕೆ ಎಣ್ಣೆ. ಕತ್ತಲೆಯ ಓವನ್ನಿನಲ್ಲಿ, ನಲವತ್ತು ಡಿಗ್ರಿ ಬಿಸಿಯಲ್ಲಿ, ಹತ್ತು ದಿನ. ಅಷ್ಟರಲ್ಲಿ ಪ್ಲಾಸ್ಟಿಕ್ಕಿನ ಮೈಯಿಂದ ಏನೆಲ್ಲ ಇಳಿದು ದ್ರವಕ್ಕೆ ಸೇರಿತು ಎಂದು ಅಳೆಯುತ್ತಾರೆ. ಇದಕ್ಕೆ ಪುಸ್ತಕದಲ್ಲಿ ವಲಸೆ ಎಂದು ಹೆಸರು. ಒಂದು ಕಿಲೋ ಆಹಾರಕ್ಕೆ ಅರವತ್ತು ಮಿಲಿಗ್ರಾಂವರೆಗೆ ವಲಸೆ ಬರಬಹುದು, ಅದರಾಚೆ ಕೂಡದು. ಆದರೆ ಪ್ರಯೋಗಾಲಯ ಪರೀಕ್ಷಿಸುವುದು ಹೊಸ ಡಬ್ಬಿಯನ್ನು. ಮನೆಗೆ ಹೋದ ಡಬ್ಬಿ ಎಷ್ಟು ವರ್ಷ ಬಾಳುತ್ತದೆ, ಯಾವಾಗ ಕೆಡುತ್ತದೆ ಎಂದು ನೋಡುವವರಿಲ್ಲ. ಗುರುಪಾದ ನಾಲ್ಕು ವರ್ಷ ಕೂತು ಮಾಡಿದ ಕೆಲಸ ಅದಕ್ಕೇ. ಪ್ಲಾಸ್ಟಿಕ್ಕಿನ ಎಳೆಗಳ ನಡುವೆ ಒಂದು ಅಣುವನ್ನು ಮಡಚಿ ಕೂರಿಸಿದ. ಸುತ್ತಲಿನ ಪದಾರ್ಥ ವಲಸೆ ಹೋಗಿ ಜಾಗ ಖಾಲಿಯಾದಂತೆ ಆ ಅಣು ಕಾಲು ಚಾಚುತ್ತದೆ, ಚಾಚಿದಾಗ ಅದರ ಬಣ್ಣ ನೇರಳೆ. ಮಿತಿ ದಾಟಿದ ಡಬ್ಬಿ ತಾನೇ ತನ್ನ ಮೇಲೆ ಹೇಳಿಕೆ ಕೊಡುತ್ತದೆ. ಅದಕ್ಕೆ ಸಾಕ್ಷಿ ಎಂದು ಹೆಸರಿಟ್ಟವರು ಸಂಸ್ಥೆಯ ನಿರ್ದೇಶಕ ಇನಾಮದಾರರು.

ಸಾಕ್ಷಿ ಇಲ್ಲದ ಪ್ಲಾಸ್ಟಿಕ್ಕನ್ನು ಅಡುಗೆಮನೆಗೆ ಮಾರಬಾರದು ಎಂಬ ನಿಯಮದ ಕರಡು ಸಿದ್ಧವಾಗಿತ್ತು. ಅದನ್ನು ಒಪ್ಪಬೇಕಾದ ಸಮಿತಿ ಬರಲು ಒಂಬತ್ತು ದಿನ ಉಳಿದಿತ್ತು.

ಬೆಳಕು ಆ ಅಣುವಿನ ಕಾಲನ್ನು ಮತ್ತೆ ಮಡಚುತ್ತದೆಯೇ? ಇದೇ ಪ್ರಶ್ನೆ. ಉತ್ತರ ಕೈಯಲ್ಲೇ ಬೆಚ್ಚಗೆ ಕುಳಿತಿತ್ತು. ಆದರೆ ಒಂದು ಡಬ್ಬಿ ಉತ್ತರವಲ್ಲ. ಇನ್ನೂ ನೂರು ಡಬ್ಬಿ ಬಿಸಿಲಿಗಿಟ್ಟು ನೋಡಬೇಕು. ಅದಕ್ಕೆ ಆರು ತಿಂಗಳು ಬೇಕು. ಆರು ತಿಂಗಳು ಎಂದರೆ ಪ್ಲಾಸ್ಟಿಕ್ ತಯಾರಕರ ಸಂಘ ಕರಡನ್ನು ಹರಿದು ಹಾಕಲು ಬೇಕಾದದ್ದಕ್ಕಿಂತ ಐದು ತಿಂಗಳು ಜಾಸ್ತಿ. ನಿಯಮ ಮೊದಲು ಬರಲಿ. ಎರಡನೆಯ ಆವೃತ್ತಿಯಲ್ಲಿ ಸರಿಪಡಿಸಿದರಾಯಿತು. ಅಷ್ಟಕ್ಕೂ ಪರೀಕ್ಷೆಯ ಕ್ರಮದಲ್ಲಿ ಬಿಸಿಲು ಎಂಬ ಶಬ್ದವೇ ಇಲ್ಲ. ಕ್ರಮ ಬರೆದ ದೇಶಗಳಲ್ಲಿ ಊಟದ ಡಬ್ಬಿಯನ್ನು ಯಾರೂ ಬಿಸಿಲಿಗೆ ಇಡುವುದಿಲ್ಲ.

ಅವನು ನೋಂದಣಿ ಪುಸ್ತಕ ತೆರೆದು ಬರೆದ: "ಮಾದರಿ ೪೧. ನಿರ್ವಹಣೆಯಲ್ಲಿ ಹಾನಿ. ಪರಿಗಣಿಸಿಲ್ಲ."

ನಸೀಮಾ ಅವನ ಭುಜದ ಮೇಲಿಂದ ಓದಿದಳು. "ಪೆನ್ನು ನಿಮ್ಮ ಕೈಯಾಗ ಐತಿ, ಬರೀರಿ," ಎಂದಳು. ಡಬ್ಬಿಯನ್ನು ಕೈಗೆತ್ತಿಕೊಂಡು, "ಒಗೀಲೇನ್ರಿ ಇದನ್ನ?"

"ಹೂಂ."

ಅವಳು ಅದನ್ನು ಕಸದ ಬುಟ್ಟಿಗೆ ಒಗೆದಳು.

ಸಮಿತಿಯ ಸಭೆ ಎರಡು ತಾಸು ನಡೆಯಿತು. ತಯಾರಕರ ಸಂಘದ ಪ್ರತಿನಿಧಿ ತೆಳ್ಳನೆಯ, ವಿನಯದ ಮನುಷ್ಯ. ಎಲ್ಲರ ಮಾತೂ ಮುಗಿದ ಮೇಲೆ ಚಹದ ಕಪ್ಪು ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದ. "ಒಮ್ಮೆ ನೇರಳೆಯಾದದ್ದು ತಿರುಗಿ ಬೆಳ್ಳಗಾಗುವ ಸಾಧ್ಯತೆ ಇದೆಯೇ, ಡಾಕ್ಟರೇ? ಇದ್ದರೆ ನಾವೆಲ್ಲ ಸುಮ್ಮನೆ ಖರ್ಚು ಮಾಡಿದಂತಾಗುತ್ತದೆ."

ಇನಾಮದಾರರು ಗುರುಪಾದನ ಕಡೆ ನೋಡಿದರು.

"ನಿಗದಿತ ಪರೀಕ್ಷಾ ಪರಿಸ್ಥಿತಿಯಲ್ಲಿ ಇಲ್ಲ," ಎಂದ ಗುರುಪಾದ.

ವಾಕ್ಯದಲ್ಲಿ ಸುಳ್ಳಿರಲಿಲ್ಲ. ಅದನ್ನು ಅವನು ಎರಡು ದಿನ ಮೊದಲೇ ಕಟ್ಟಿಟ್ಟುಕೊಂಡಿದ್ದ.

ಮುಂದಿನ ಜನವರಿಯಲ್ಲಿ ನಿಯಮ ಜಾರಿಗೆ ಬಂತು. ಮೊದಲ ವರ್ಷ ಜನ ಸಾಕ್ಷಿಯನ್ನು ಮನೆಗೆ ಬಂದ ಹೊಸ ಸೊಸೆಯಂತೆ ನೋಡಿದರು. ಹೋಟೆಲಿನವರು ಕುದಿಯುವ ಸಾಂಬಾರನ್ನು ತೆಳು ಚೀಲಕ್ಕೆ ಸುರಿದು ದಾರ ಕಟ್ಟಿ ಕೊಟ್ಟರೆ, ಗಿರಾಕಿ ಮನೆ ಮುಟ್ಟುವುದರೊಳಗೆ ಚೀಲ ನೇರಳೆಯಾಗುತ್ತಿತ್ತು. ಬೈದು ವಾಪಸು ತಂದರು. ಎರಡೇ ತಿಂಗಳಲ್ಲಿ ಜನ ಮತ್ತೆ ಸ್ಟೀಲ್ ಡಬ್ಬಿ ಹಿಡಿದು ಹೋಟೆಲಿಗೆ ಹೋಗತೊಡಗಿದರು. ಕನ್ಯೆ ನೋಡಲು ಹೋದವರು ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ಇಣುಕಿ ಡಬ್ಬಿಗಳ ಬಣ್ಣ ನೋಡಿ ಬರುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಸಿಟ್ಟಿಗೆದ್ದರೆ "ಯಾಕೋ, ನೇರಳೆ ಆದ್ಯಲ್ಲ" ಎನ್ನುವ ಮಾತು ಹುಟ್ಟಿತು. ಆಸ್ಪತ್ರೆಯ ಅಂಕಿಸಂಖ್ಯೆಗೆ ಇನ್ನೂ ಹತ್ತು ವರ್ಷ ಕಾಯಬೇಕು, ಆದರೆ ಪೇಟೆಯಲ್ಲಿ ಕೊಂಡ ತಿಂಡಿಗಳಲ್ಲಿ ವಲಸೆಯ ಪ್ರಮಾಣ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಗುರುಪಾದನಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಗೆ ಸುತ್ತಿದ ಹಾಳೆಯೂ ಸಾಕ್ಷಿಯದೇ.

ಎರಡನೆಯ ಆವೃತ್ತಿಯ ಕಡತ ತೆರೆಯಬೇಕು ಎಂದು ಅವನು ಪ್ರತಿ ತಿಂಗಳು ಅಂದುಕೊಳ್ಳುತ್ತಿದ್ದ. ತೆರೆದರೆ ಮೊದಲ ಪುಟದಲ್ಲಿ ಏಕೆ ಎಂದು ಬರೆಯಬೇಕಾಗುತ್ತಿತ್ತು.

ಅವನ ಅಕ್ಕ ಕಾಶಕ್ಕ ಗದಗಿನಲ್ಲಿದ್ದಳು. ಅವ್ವ ತೀರಿಕೊಂಡಾಗ ಅವನಿಗೆ ಆರು ವರ್ಷ, ಅವಳಿಗೆ ಇಪ್ಪತ್ತು. ತಮ್ಮ ಹೈಸ್ಕೂಲು ಮುಗಿಸುವವರೆಗೆ ತನ್ನ ಲಗ್ನದ ಮಾತೇ ಎತ್ತಬೇಡಿರೆಂದು ಕೂತವಳು. ಆಮೇಲೆ ಮದುವೆಯಾಗಿ, ಗಂಡ ತೀರಿಹೋಗಿ, ಈಗ ಉಪ್ಪಿನಕಾಯಿ ಹಾಕಿ ಬದುಕುತ್ತಿದ್ದಳು. ಓಣಿಯ ಮನೆಗಳಲ್ಲೆಲ್ಲ ಊಟಕ್ಕೆ ಕಾಶಕ್ಕನ ಮಾವಿನಕಾಯಿ. ತಿಂಗಳಿಗೊಂದು ಡಬ್ಬಿ ಹುಬ್ಬಳ್ಳಿಗೂ ಬರುತ್ತಿತ್ತು. ಬಂದ ಡಬ್ಬಿಯ ಕುತ್ತಿಗೆಗೆ ಬಿಳಿ ದಾರ ಸುತ್ತಿರುತ್ತಿತ್ತು. ಮುಚ್ಚಳ ಬಿಗಿಯಾಗಲೆಂದು ಸುತ್ತಿದ್ದಾಳೆ ಎಂದುಕೊಂಡು ಗುರುಪಾದ ಮಧ್ಯಾಹ್ನ ನಸೀಮಾಳಿಗೂ ಒಂದು ಹೋಳು ಹಾಕಿ ತಾನೂ ಉಣ್ಣುತ್ತಿದ್ದ.

ನಿಯಮ ಬಂದು ಎರಡು ವರ್ಷ ತುಂಬಿದ ಬೇಸಿಗೆಯಲ್ಲಿ, ಒಂದು ಭಾನುವಾರ ಅವನು ಗದಗಿಗೆ ಹೋದ. ಕಾಶಕ್ಕ ಮನೆಯೊಳಗಿರಲಿಲ್ಲ, ಮಾಳಿಗೆಯ ಮೇಲಿದ್ದಳು. ಅವನು ಮೆಟ್ಟಿಲು ಹತ್ತಿ ಬಂದು ಹಾಗೇ ನಿಂತ.

ಮಾಳಿಗೆಯ ತುಂಬ ಡಬ್ಬಿಗಳು. ಒಂದು ಸಾಲು ಕಡು ನೇರಳೆ, ಒಂದು ಸಾಲು ತಿಳಿ, ಇನ್ನೊಂದು ಸಾಲು ಆಗಲೇ ಬೆಳ್ಳಗೆ. ಪಕ್ಕದ ಮಾಳಿಗೆಯ ಮೇಲೂ ಇದ್ದವು. ಅದರ ಪಕ್ಕದ್ದರ ಮೇಲೂ. ಹಪ್ಪಳ, ಸಂಡಿಗೆ, ಹಾಸಿಗೆಯ ನಡುವೆ ಓಣಿಗೆ ಓಣಿಯೇ ಡಬ್ಬಿಗಳನ್ನು ಬಿಸಿಲಿಗೆ ಹರವಿತ್ತು.

"ಬಾ ಬಾ, ಸಾಹೇಬ್ರು ಬಂದ್ರು!" ಕಾಶಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಹಂಗ್ಯಾಕ ಗೂಟ ಬಡದಂಗ ನಿಂತಿ? ತಲಿ ಮ್ಯಾಲ ಟಾವೆಲ್ಲಾದ್ರೂ ಹಾಕ್ಕೋ."

"ಇವನ್ನ ಯಾಕ ಇಲ್ಲಿ ಇಟ್ಟೀಯಕ್ಕಾ?"

"ಬಿಸಲು ಕೊಡಾಕ. ನಿನ್ನ ಡಬ್ಬಿಗೆ ಸಿಟ್ಟು ಭಾಳ ನೋಡಪಾ. ಹುಳಿ, ಉಪ್ಪು, ಎಣ್ಣಿ ಮೂರೂ ಕೂಡಿದ್ರ ಆರು ವಾರಕ್ಕ ಮಾರಿ ತಿರುಗಿಸಿಬಿಡ್ತೈತಿ. ಮೊದಲ ಸಲ ಆದಾಗ ಒಗ್ಯಾಕ ಮನಸ್ಸಾಗಲಿಲ್ಲ, ನನ್ನ ತಮ್ಮ ಮಾಡಿದ್ದು ಅಂತ. ತೊಳದು ಹಂಗ ಬಿಸಲಿಗೆ ಇಟ್ಟೆ. ಸಂಜಿಕ ಬಂದು ನೋಡ್ತೀನಿ, ಹಾಲಿನಂಗ ಬೆಳ್ಳಗ!"

"ಮತ್ತ ಈ ದಾರ?"

"ಎಷ್ಟು ಸಲ ಬಿಸಲು ಉಂಡೈತಿ ಅಂತ ಗುರ್ತು. ಒಂದು ಸಲ ಬೆಳ್ಳಗಾತು ಅಂದ್ರ ಒಂದು ಸುತ್ತು." ಅವಳು ಒಂದು ಡಬ್ಬಿ ಎತ್ತಿ ತಿರುಗಿಸಿ ತೋರಿಸಿದಳು. "ಇದಕ್ಕ ಒಂಬತ್ತು. ಹೊಸಾ ಡಬ್ಬಿ ಕಂಡ್ರ ನನಗ ಅಂಜಿಕಿ, ಅದರ ಗುಣ ಗೊತ್ತಿರೂದಿಲ್ಲ. ಒಂಬತ್ತು ದಾರದ್ದು ಅಂದ್ರ ಪಳಗಿದ್ದು, ರೊಟ್ಟಿ ಹಂಚು ಪಳಗಿದಂಗ. ನಿನಗ ಯಾವಾಗಲೂ ಇಂಥಾದ್ರಾಗ ಕಳಸೂದು. ಮಂದಿಗೆ ಮೂರು ದಾರ, ನಾಕು ದಾರ."

ಗುರುಪಾದ ಲೆಕ್ಕ ಹಾಕಿದ. ಬಿಸಿಲು ಬಣ್ಣವನ್ನಷ್ಟೇ ಮಡಚುತ್ತದೆ, ಹೊರಗೆ ಹೋದ ಪದಾರ್ಥವನ್ನು ಒಳಗೆ ತರುವುದಿಲ್ಲ. ಪ್ರತಿ ಬಿಸಿಲಿಗೂ ಪ್ಲಾಸ್ಟಿಕ್ಕಿನ ಎಳೆಗಳು ಇನ್ನಷ್ಟು ತುಂಡಾಗುತ್ತವೆ. ತುಂಡಾದದ್ದು ಮುಂದಿನ ಸಲ ಇನ್ನೂ ಬೇಗ ಇಳಿಯುತ್ತದೆ. ಓಣಿಯಲ್ಲಿ ಕೆಟ್ಟದ್ದಕ್ಕೆಲ್ಲ ಒಂದೇ ಮದ್ದು. ಜ್ವರ ಬಿಟ್ಟವರ ಹಾಸಿಗೆ, ಹುಳ ಬಿದ್ದ ಬೇಳೆ, ತೇವ ಹಿಡಿದ ಹುಣಸೆ, ಎಲ್ಲಕ್ಕೂ ಬಿಸಿಲು. ಸಾಕ್ಷಿ ಕೂಗಿದಾಗ ಅವರು ಅದನ್ನು ಒಂದು ಕಾಯಿಲೆ ಎಂದು ತಿಳಿದು ಉಪಚಾರ ಮಾಡಿದ್ದರು. ಡಬ್ಬಿ ಬೆಳ್ಳಗಾಗಿ ವಾಸಿಯಾದೆ ಎಂದು ಉತ್ತರ ಕೊಟ್ಟಿತ್ತು.

"ಓಣಿಯಾಗ ಎಲ್ಲಾರೂ ಹಿಂಗ ಮಾಡ್ತಾರೇನು?"

"ಎಲ್ಲಾರಿಗೂ ನಾನ ಹೇಳಿಕೊಟ್ಟೀನಿ ಮತ್ತ!" ಎಂದಳು ಕಾಶಕ್ಕ. "ಡಬ್ಬಿ ಮಾಡಿದವನ ಅಕ್ಕ ಹೇಳಿದ್ರ ಯಾರು ಇಲ್ಲಂತಾರ?"

ಅಷ್ಟರಲ್ಲಿ ಪಕ್ಕದ ಮನೆಯ ರೇಣುಕಾ ನಡುವಿನ ಕಟ್ಟೆಗೆ ಕೈಯೂರಿ ಈ ಕಡೆ ಬಾಗಿದಳು. ಐದು ತಿಂಗಳ ಬಸುರಿ. ಕೈಯಲ್ಲಿ ಬಟ್ಟಲು.

"ಸಾಹೇಬ್ರ, ನಿಮ್ಮ ಡಬ್ಬಿ ನಮ್ಮ ಅತ್ತಿಗಿಂತ ಕಡೆ. ಏನ್ ಹಾಕಿದ್ರೂ ಮಾರಿ ಗಂಟು ಹಾಕ್ತೈತಿ," ಎಂದಳು. ಕೆಳಗಿನಿಂದ ಅತ್ತೆ "ಕೇಳಸ್ತದವಾ ನನಗ" ಎಂದು ಕೂಗಿದರು. ರೇಣುಕಾ ಬಾಯಿಗೆ ಸೆರಗು ಒತ್ತಿ ನಕ್ಕಳು. "ಕಾಶಕ್ಕಾ, ಒಂದು ಹೋಳು ಕೊಡ. ಮುಂಜಾನಿಂದ ಬಾಯಾಗ ನೀರು ಬರಾಕತ್ತೈತಿ."

ಕಾಶಕ್ಕ ಕೆಳಗೆ ಹೋಗಿ ತುಂಬಿದ ಡಬ್ಬಿಯೊಂದನ್ನು ತಂದಳು. ಗುರುಪಾದ ದಾರ ಎಣಿಸಿದ. ಎಂಟು.

"ಬಸುರಿ ಹೆಂಗಸಿಗೆ ಮೂರು ದಾರದ್ದು ಕೊಡಾಕ ಆಗ್ತೈತೇನು?" ಎಂದಳು ಕಾಶಕ್ಕ ಅವನ ನೋಟ ಕಂಡು.

ರೇಣುಕಾ ಬಟ್ಟಲಿಗೆ ಹಾಕಿಸಿಕೊಳ್ಳುವವರೆಗೂ ತಡೆಯದೆ ಡಬ್ಬಿಗೇ ಬೆರಳು ಅದ್ದಿದಳು.

"ರೇಣುಕಾ," ಎಂದ ಗುರುಪಾದ. ಅವಳು ಕಣ್ಣೆತ್ತಿದಳು. "ಖಾರ ಭಾಳ ಐತಿ. ಕಡಿಮಿ ತಿನ್ನು."

"ಖಾರಕ್ಕ ಅಂಜಿದ್ರ ಈ ಮನಿಯಾಗ ಸಂಸಾರ ಮಾಡಾಕ ಆಗ್ತೈತೇನ್ರಿ?" ಎಂದು ನಗುತ್ತ ಅವಳು ಬೆರಳು ಚೀಪಿದಳು.

ಒಂಬತ್ತು ದಾರದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಅವನು ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟ.

ಡಬ್ಬಿಯ ಒಂದು ತುಂಡು ಕತ್ತರಿಸಿ, ಹತ್ತು ದಿನದ ಬದಲು ಹೆಚ್ಚು ಬಿಸಿಯಲ್ಲಿ ಅವಸರದ ಪರೀಕ್ಷೆ ಮಾಡಿದರೂ ಯಂತ್ರ ಅಂಕಿ ಕೊಡಲು ಮೂರು ದಿನ ತೆಗೆದುಕೊಂಡಿತು. ಒಂದು ಕಿಲೋಗೆ ಆರುನೂರ ಎಂಬತ್ತು ಮಿಲಿಗ್ರಾಂ, ಮಿತಿಯ ಹನ್ನೊಂದು ಪಟ್ಟಿಗೂ ಹೆಚ್ಚು. ನಸೀಮಾ ಕಾಗದ ಹರಿದು ಅವನ ಮುಂದಿಟ್ಟಳು. ಡಬ್ಬಿ ಬೆಳ್ಳಗೆ ಹೊಳೆಯುತ್ತ ಮೇಜಿನ ಮೇಲಿತ್ತು. ಕಳೆದೆರಡು ವರ್ಷ ಇದೇ ಕೋಣೆಯ ಆಚೆ ಇಬ್ಬರೂ ಕೂತು ಇಂಥದ್ದರಿಂದಲೇ ಉಂಡಿದ್ದರು.

"ಇದಕ್ಕ ಏನಂತ ಚೀಟಿ ಹಚ್ಚಲ್ರಿ ಸರ?" ಎಂದಳು. "ನಲವತ್ತೊಂದರ ತಂಗಿ ಅಂತ ಬರೀಲೇನು?"

ಅವನು ಕಾಗದ ಮಡಚಿ ಕಿಸೆಗೆ ಹಾಕಿಕೊಂಡ. ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ. ಮರುದಿನದಿಂದ ಊಟಕ್ಕೆ ಬೇರೆ ಮೇಜಿಗೆ ಹೋಗತೊಡಗಿದಳು.

ಅಂಕಿ ಬಂದ ಸಂಜೆಯೇ ಅವನು ಕಾಶಕ್ಕನಿಗೆ ಫೋನ್ ಮಾಡಿದ. ಉಪ್ಪಿನಕಾಯಿ ಚೆಲ್ಲಿಬಿಡು, ಡಬ್ಬಿ ಒಗೆದುಬಿಡು, ಗಾಜಿನ ಭರಣಿ ತಗೋ, ಓಣಿಯವರಿಗೂ ಹೇಳು.

"ಯಾಕೋ, ಏನಾತು?"

"ಹೊಸದೊಂದು ಪರೀಕ್ಷೆ ಮಾಡೀವಿ. ಬಿಸಲಿಗೆ ಇಟ್ಟಿದ್ದು ಚಲೋ ಅಲ್ಲ ಅಂತ ಈಗ ಗೊತ್ತಾತು."

ಈಗ ಎಂಬ ಶಬ್ದ ತಾನಾಗಿಯೇ ಬಂತು.

ಇನಾಮದಾರರು ವರದಿಯನ್ನು ಎರಡು ಸಲ ಓದಿದರು. ನಿವೃತ್ತಿಗೆ ಅವರಿಗೆ ಎಂಟು ತಿಂಗಳು ಉಳಿದಿತ್ತು. "ನಮ್ಮ ದಾಖಲೆಯಲ್ಲಿ ಇಂಥದ್ದು ಮೊದಲೇನಾದರೂ ಇತ್ತೇ?"

"ಹಾನಿಯಾದ ಒಂದು ಮಾದರಿ ಇತ್ತು ಸರ್."

"ಹಾನಿಯಾದದ್ದು ಬಿಡಿ," ಎಂದು ಅವರು ಕನ್ನಡಕ ತೆಗೆದಿಟ್ಟರು. "ಇದು ನಮ್ಮ ತಪ್ಪಲ್ಲ, ಗುರುಪಾದ. ಬಳಕೆದಾರರ ತಪ್ಪು ರೂಢಿ. ಹಾಗೇ ಬರೆಯಿರಿ."

ಅವನು ಹಾಗೇ ಬರೆದ. ಆರು ವಾರದಲ್ಲಿ ಪ್ರಕಟಣೆ ಹೊರಬಿತ್ತು. ನೇರಳೆಯಾದ ಡಬ್ಬಿಗಳನ್ನು ಕೆಲವು ಗೃಹಿಣಿಯರು ಬಿಸಿಲಿಗೆ ಇಟ್ಟು ಮರುಬಳಸುತ್ತಿರುವುದು ಕ್ಷೇತ್ರ ಅಧ್ಯಯನದಲ್ಲಿ ಕಂಡುಬಂದಿದೆ, ಸಾರ್ವಜನಿಕರು ಇಂಥ ತಪ್ಪು ರೂಢಿಗಳಿಂದ ದೂರವಿರಬೇಕು. ಬೆಳಕಿಗೆ ಬಗ್ಗದ ಹೊಸ ಸಾಕ್ಷಿಗೆ ಹಣ ಮಂಜೂರಾಯಿತು. ಎರಡನೆಯ ಆವೃತ್ತಿಯ ಕಡತ ಕೊನೆಗೂ ತೆರೆಯಿತು. ಮೊದಲ ಪುಟದಲ್ಲಿ ಗದಗಿನ ಒಂದು ಓಣಿ ಕಾರಣವಾಗಿ ನಿಂತಿತು.

ರೇಣುಕಾಳ ಮಗು ಏಳನೆಯ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಿತು.

ಗುರುಪಾದ ಹೋದಾಗ ಕಾಶಕ್ಕ ಮಾಳಿಗೆಯ ಮೇಲೆ ನೀರಿನ ಟಾಕಿಯ ನೆರಳಿನಲ್ಲಿ ಕೂತಿದ್ದಳು. ಮಾಳಿಗೆ ಬರಿದಾಗಿತ್ತು. ಪಕ್ಕದ ಮಾಳಿಗೆಗಳೂ ಬರಿದು. ಒಗೆದ ಡಬ್ಬಿಗಳಿಂದ ಬಿಚ್ಚಿದ ದಾರವನ್ನೆಲ್ಲ ಅವಳು ಒಂದು ಉಂಡೆ ಮಾಡಿ ಇಟ್ಟುಕೊಂಡಿದ್ದಳು. ನಿಂಬೆಹಣ್ಣಿಗಿಂತ ದೊಡ್ಡದಾಗಿತ್ತು. ಓಣಿಯಲ್ಲಿ ಯಾರೂ ಅವಳಿಗೆ ಏನೂ ಅಂದಿರಲಿಲ್ಲ. ಬಟ್ಟಲು ಹಿಡಿದು ಬರುವುದನ್ನು ಬಿಟ್ಟಿದ್ದರು, ಅಷ್ಟೆ.

"ಡಾಕ್ಟರ್ ಏನಂದ್ರಂತ?" ಎಂದ.

"ಕಾರಣ ಗೊತ್ತಾಗೂದಿಲ್ಲ ಅಂದ್ರಂತ."

"ಹೌದಕ್ಕಾ. ಇಂಥಾದ್ದು ಹತ್ತು ಕಾರಣಕ್ಕ ಆಗ್ತೈತಿ. ಉಪ್ಪಿನಕಾಯಿಂದ ಆತು ಅಂತ ಯಾರಿಗೂ ಹೇಳಾಕ ಬರೂದಿಲ್ಲ."

"ಅದರಿಂದ ಆಗಿಲ್ಲ ಅಂತ ಹೇಳಾಕ ಬರ್ತೈತೇನು?"

ಹಾಗೆ ಹೇಳಲೂ ವಿಜ್ಞಾನಕ್ಕೆ ಬರುತ್ತಿರಲಿಲ್ಲ.

"ಎಂಟು ದಾರದ್ದು ಕೊಟ್ಟೆ," ಎಂದಳು ಕಾಶಕ್ಕ. "ಎಲ್ಲಾರಿಗಿಂತ ಚಲೋದು ಇರಲಿ ಅಂತ ಹುಡುಕಿ ಕೊಟ್ಟೆ." ದಾರದ ಉಂಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿದಳು. "ನೀನು ಅಷ್ಟು ಕಲ್ತು, ಅಷ್ಟು ತಲಿ ಓಡಿಸಿ, ಮಾತಾಡೂ ಡಬ್ಬಿ ಮಾಡಿದಿ. ಅದು ಬಾಯಿ ಬಿಟ್ಟು ಹೇಳಿತು, ಬ್ಯಾಡ ಬ್ಯಾಡ ಅಂತ. ನಾನ ಅದರ ಬಾಯಿ ಮುಚ್ಚಿಸಿದೆ. ಒಂದ ಸಲ ಅಲ್ಲ. ಓಣಿಗೆಲ್ಲಾ ಮುಚ್ಚಸೂದು ಕಲಿಸಿದೆ."

"ನಿನಗೇನು ಗೊತ್ತಿತ್ತಕ್ಕಾ?"

"ಕೇಳಬೇಕಾಗಿತ್ತು ನಿನ್ನ. ಒಂದು ಫೋನ್ ಮಾಡಿ, ಹಿಂಗ ಮಾಡಾಕತ್ತೀನಿ ತಮ್ಮಾ, ನಡೀತೈತೇನು ಅಂತ ಕೇಳಿದ್ರ ಮುಗೀತಿತ್ತು. ನಿನಗ ಗೊತ್ತಿದ್ರ ನೀ ಹೇಳ್ತಿದ್ದಿಲ್ಲೇನು?"

ಕೆಳಗೆ ಓಣಿಯಲ್ಲಿ ಪಾತ್ರೆ ಮಾರುವವನು ಗಾಜಿನ ಭರಣಿ, ಪಿಂಗಾಣಿ ಭರಣಿ ಎಂದು ಕೂಗುತ್ತ ಹೋದ. ಎರಡು ಮೂರು ಬಾಗಿಲು ತೆರೆದ ಸದ್ದಾಯಿತು. ಟಾಕಿಯ ನೆರಳು ಸರಿದು ಬಿಸಿಲು ಕಾಶಕ್ಕನ ಪಾದಕ್ಕೆ ಬಿತ್ತು. ಅವಳು ಪಾದ ಒಳಗೆಳೆದುಕೊಂಡು ಅವನ ಮುಖ ನೋಡಿದಳು. ಉತ್ತರ ಬೇಕೆಂದಲ್ಲ, ಉತ್ತರ ಗೊತ್ತಿದ್ದವಳಂತೆ.

"ಹೇಳ್ತಿದ್ದೆ," ಎಂದ ಗುರುಪಾದ.

ಅವಳು ತಲೆಯಾಡಿಸಿ, ಊಟಕ್ಕೆ ಏಳು ಎಂದು ಮೊಣಕಾಲಿಗೆ ಕೈಯೂರಿ ಎದ್ದಳು. ಊಟಕ್ಕೆ ಉಪ್ಪಿನಕಾಯಿ ಇರಲಿಲ್ಲ. ಅದಾದ ಮೇಲೆ ಅವಳು ಹನ್ನೆರಡು ವರ್ಷ ಬದುಕಿದಳು, ಮತ್ತೆ ಮಾವಿನಕಾಯಿ ಹೆಚ್ಚಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ನಲವತ್ತೊಂದನೆಯ ಡಬ್ಬಿ ಬಿಸಿಲಿಗೆ ಬೆಳ್ಳಗಾದದ್ದನ್ನು ತಾನು ನಿಯಮ ಬರುವ ಮೊದಲೇ ನೋಡಿದ್ದೆನೆಂದು ಗುರುಪಾದ ಅವಳಿಗೆ ಹೇಳಲೇ ಇಲ್ಲ.